‘ಗುಂಡುಗುಂಡಾಗಿ ಮುದ್ದಾಗಿದೆ’ ಎನ್ನುವ ನಾಯಿಯ ಆಯುಷ್ಯ ನಿಜಕ್ಕೂ ಕಡಿಮೆಯಾಗುತ್ತದೆಯೇ?

ವಾಟ್ಸಾಪ್‌ನಲ್ಲಿ ಆಗಾಗ ಓಡಾಡುವ ಒಂದು ಬಗೆಯ ವಿಡಿಯೋ ನೀವೂ ನೋಡಿರುತ್ತೀರಿ. ಪೀಪಾಯಿಯಂಥ ಮೈಯ ಲ್ಯಾಬ್ರಡಾರ್ ಮೆಟ್ಟಿಲು ಹತ್ತಲು ಹೋಗುತ್ತದೆ, ಎರಡನೇ ಮೆಟ್ಟಿಲಲ್ಲೇ ಕೂತುಬಿಡುತ್ತದೆ. ಹಿನ್ನೆಲೆಯಲ್ಲಿ ತಮಾಷೆಯ ಸಂಗೀತ, ಕೆಳಗೆ ‘ನಮ್ಮನೆ ಸೋಮಾರಿ’ ಅಂತ ಒಂದು ಸಾಲು, ಆಮೇಲೆ ನಗುವ ಇಮೋಜಿಗಳು. ನಾನೂ ನಕ್ಕಿದ್ದೇನೆ, ಫಾರ್ವರ್ಡ್ ಕೂಡ ಮಾಡಿದ್ದೇನೆ. ಆ ನಾಯಿ ಕೂತದ್ದು ಸೋಮಾರಿತನದಿಂದ ಅಲ್ಲದಿರಬಹುದು, ಕಾಲು ನೋಯುತ್ತಿರಬಹುದು ಎಂಬುದು ಹೊಳೆದದ್ದು ತಿಪಟೂರಿನ ನಮ್ಮ ಅಜ್ಜಿ ಮನೆಯ ಬ್ರೂನೋ ಅದೇ ಥರ ಕೂರತೊಡಗಿದ ಮೇಲೆ.

ಬ್ರೂನೋಗೆ ಏಳು ವರ್ಷ. ಆಗ ಅವನ ತೂಕ 34 ಕೆಜಿ. ಪಶುವೈದ್ಯರು ಪಕ್ಕೆ ಮುಟ್ಟಿ ನೋಡಿ, ‘ಇವನು 28ರ ಆಸುಪಾಸಿನಲ್ಲಿ ಇರಬೇಕಿತ್ತು’ ಎಂದರು. ಮನೆಗೆ ಬಂದು ಹೇಳಿದರೆ ಅಜ್ಜಿ ಒಪ್ಪಲಿಲ್ಲ. ‘ಮನೆ ನಾಯಿ ಅಂದ್ಮೇಲೆ ಮೈಕೈ ತುಂಬ್ಕೊಂಡಿರ್ಬೇಕು ಕಣಪ್ಪ. ಪಕ್ಕೆ ಕಾಣೋ ಹಂಗಿದ್ರೆ ನೋಡ್ದೋರು ಏನಂತಾರೆ?’

ಈ ಮಾತು ನಮ್ಮ ಅಜ್ಜಿಯದ್ದು ಮಾತ್ರವಲ್ಲ. ಬೀದಿ ನಾಯಿಗೆ ಪಕ್ಕೆ ಕಾಣುತ್ತದೆ, ಸಾಕಿದ ನಾಯಿಗೆ ಕಾಣಬಾರದು ಎನ್ನುವುದು ನಮ್ಮಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿರುವ ಅಳತೆಗೋಲು. ಈ ಅಳತೆ ಎಷ್ಟು ಸರಿ ಎಂದು ಮೊದಲು ನೋಡೋಣ.

48 ಮರಿಗಳ ಕಥೆ

ಅಮೆರಿಕದಲ್ಲಿ ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಬೆಳೆಸಿದರು. ಪ್ರತಿ ಜೋಡಿಯೂ ಒಂದೇ ಸೂಲಿನ ಮರಿಗಳು. ಇಬ್ಬರಿಗೂ ಒಂದೇ ಆಹಾರ, ಆದರೆ ಒಬ್ಬನಿಗೆ ಇನ್ನೊಬ್ಬ ತಿಂದದ್ದಕ್ಕಿಂತ ಶೇ. 25ರಷ್ಟು ಕಡಿಮೆ. ಅವು ಸಾಯುವವರೆಗೂ ಹೀಗೇ ನಡೆಯಿತು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಅರ್ಧದಷ್ಟು ನಾಯಿಗಳು 11.2 ವರ್ಷದ ಹೊತ್ತಿಗೆ ತೀರಿಕೊಂಡಿದ್ದವು. ಕಡಿಮೆ ತಿಂದ ಗುಂಪಿನಲ್ಲಿ ಆ ಹಂತ ಬಂದದ್ದು 13 ವರ್ಷಕ್ಕೆ. ಅಂದರೆ ಸುಮಾರು 1.8 ವರ್ಷಗಳ ಅಂತರ. ಕೀಲುನೋವಿನಂಥ ಕಾಯಿಲೆಗಳಿಗೆ ಔಷಧ ಶುರು ಮಾಡಬೇಕಾದ ವಯಸ್ಸೂ ಕಡಿಮೆ ತಿಂದವುಗಳಲ್ಲಿ ಮುಂದಕ್ಕೆ ಹೋಗಿತ್ತು. ನಾಯಿ ಆಹಾರ ಮಾರುವ ಕಂಪನಿಯೇ ‘ಕಡಿಮೆ ಹಾಕಿ’ ಎಂಬ ಉತ್ತರಕ್ಕೆ ಬಂದು ನಿಂತ ಅಧ್ಯಯನ ಇದು, ಅದಕ್ಕೇ ನನಗೆ ಇದರ ಮೇಲೆ ಇನ್ನಷ್ಟು ನಂಬಿಕೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹೆಚ್ಚು ತಿಂದ ನಾಯಿಗಳು ವಿಡಿಯೋದಲ್ಲಿ ಕಾಣುವಂಥ ಪೀಪಾಯಿಗಳಾಗಿರಲಿಲ್ಲ. ಮೈಕಟ್ಟನ್ನು 1ರಿಂದ 9ರವರೆಗೆ ಅಳೆಯುವ ಪಶುವೈದ್ಯರ ಅಳತೆಯಲ್ಲಿ ಅವುಗಳ ಸರಾಸರಿ 6.7 ಇತ್ತು, ತೆಳ್ಳಗಿನವುಗಳದ್ದು 4.6. ಆ ಅಳತೆಯಲ್ಲಿ 4 ಮತ್ತು 5 ಸರಿಯಾದ ಮೈಕಟ್ಟು. 6.7 ಅಂದರೆ ನಾವು ನೀವು ‘ಸ್ವಲ್ಪ ತುಂಬಿಕೊಂಡಿದೆ, ಚೆನ್ನಾಗಿದೆ’ ಎನ್ನುವ ನಾಯಿ.

ಇದು ಲ್ಯಾಬ್ರಡಾರ್‌ಗೆ ಮಾತ್ರ ಸಂಬಂಧಿಸಿದ್ದು ಎಂದುಕೊಳ್ಳಬೇಡಿ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಪಶು ಆಸ್ಪತ್ರೆಗಳಿಗೆ ಬಂದ 12 ತಳಿಗಳ 50 ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದರು. ಹನ್ನೆರಡೂ ತಳಿಗಳಲ್ಲಿ ಅಧಿಕ ತೂಕದ ನಾಯಿಗಳ ಆಯುಷ್ಯ ಕಡಿಮೆ ಇತ್ತು. ಗಂಡು ಜರ್ಮನ್ ಶೆಫರ್ಡ್‌ನಲ್ಲಿ ಐದು ತಿಂಗಳು, ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ನ ಗಂಡುಗಳಲ್ಲಿ ಎರಡೂವರೆ ವರ್ಷ.

ಕಣ್ಣಲ್ಲಿ ಅಲ್ಲ, ಕೈಯಲ್ಲಿ ನೋಡಿ

ನಿಮ್ಮ ನಾಯಿ ಎಲ್ಲಿದೆ ಎಂದು ತಿಳಿಯಲು ತಕ್ಕಡಿಯೂ ಬೇಡ. ಮೊದಲು ನಿಮ್ಮದೇ ಕೈ ನೋಡಿಕೊಳ್ಳಿ. ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ಪಕ್ಕೆ ಹೀಗೆ ಚೂಪಾಗಿ ತಗುಲಿದರೆ ನಾಯಿ ಸೊರಗಿದೆ. ಈಗ ಕೈ ಚಪ್ಪಟೆಯಾಗಿ ಚಾಚಿ, ಅದರ ಹಿಂಭಾಗದ ಮೇಲೆ ಬೆರಳಾಡಿಸಿ. ತೆಳು ಚರ್ಮದ ಕೆಳಗೆ ಮೂಳೆ ಸುಲಭವಾಗಿ ಸಿಗುತ್ತದಲ್ಲ, ಪಕ್ಕೆಲುಬು ಹಾಗೆ ಸಿಕ್ಕರೆ ಸರಿ. ಕೈ ತಿರುಗಿಸಿ ಅಂಗೈಯಲ್ಲಿ ಹೆಬ್ಬೆರಳ ಬುಡದ ಮೆತ್ತನೆಯ ಜಾಗ ಒತ್ತಿ. ಪಕ್ಕೆ ಹುಡುಕಲು ಹಾಗೆ ಒತ್ತಬೇಕಾದರೆ ತೂಕ ಹೆಚ್ಚಾಗಿದೆ.

ಆಮೇಲೆ ನಾಯಿ ನಿಂತಾಗ ಮೇಲಿನಿಂದ ನೋಡಿ. ಪಕ್ಕೆಯ ಹಿಂದೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಎದೆಗಿಂತ ಹೊಟ್ಟೆ ಮೇಲಕ್ಕೆ ಏರಿರಬೇಕು, ಮೇಜಿನ ಹಾಗೆ ಸಮತಟ್ಟಾಗಿರಬಾರದು. ಗೋಲ್ಡನ್ ರಿಟ್ರೀವರ್, ನಮ್ಮಲ್ಲಿ ಎಲ್ಲರೂ ಪಾಮೇರಿಯನ್ ಎಂದು ಕರೆಯುವ, ಆದರೆ ಬಹುಪಾಲು ಇಂಡಿಯನ್ ಸ್ಪಿಟ್ಜ್ ಆಗಿರುವ ಬಿಳಿ ನಾಯಿಗಳು, ಇಂಥವುಗಳಲ್ಲಿ ಕೂದಲು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅಲ್ಲಿ ಕೈಯೊಂದೇ ಗತಿ. ಸ್ನಾನ ಮಾಡಿಸುವಾಗ ನೋಡುವುದು ಇನ್ನೂ ಸುಲಭ.

ಮುಧೋಳ ನಾಯಿಯ ವಿಷಯ ಬೇರೆ. ಬಾಗಲಕೋಟೆ ಜಿಲ್ಲೆಯ ಈ ಬೇಟೆ ತಳಿ ಓಡುವುದಕ್ಕೆಂದೇ ಇರುವುದು. ಆರೋಗ್ಯವಾಗಿರುವಾಗಲೇ ಕೊನೆಯ ಕೆಲವು ಪಕ್ಕೆಗಳು ತೆಳುವಾಗಿ ಕಾಣುತ್ತವೆ, ಹೊಟ್ಟೆ ಬೆನ್ನಿಗೆ ಅಂಟಿದ ಹಾಗಿರುತ್ತದೆ. ಅದನ್ನು ತಂದು ಸಾಕಿದವರು ‘ಬಡಕಲಾಗಿದೆ’ ಎಂದು ಮೊಟ್ಟೆ, ಹಾಲು ತುರುಕುವುದನ್ನು ನಾನೇ ನೋಡಿದ್ದೇನೆ. ಆ ತಳಿ ಇರಬೇಕಾದದ್ದೇ ಹಾಗೆ.

ನಮ್ಮ ಮನೆಯ ಒಂದು ಭಾನುವಾರದ ಲೆಕ್ಕ

ವೈದ್ಯರು ‘ದಿನಕ್ಕೆ ಏನೇನು ಹಾಕ್ತೀರಿ?’ ಎಂದು ಕೇಳಿದಾಗ ಮಾವ ಹೇಳಿದ್ದು ನಿಜವೇ: ಬೆಳಿಗ್ಗೆ 120 ಗ್ರಾಂ, ರಾತ್ರಿ 120 ಗ್ರಾಂ ಪೆಡಿಗ್ರಿ. (ಕಂಪನಿ ಯಾವುದೇ ಇರಲಿ, ನಮ್ಮ ಮನೆಮಾತಿನಲ್ಲಿ ನಾಯಿಯ ಒಣ ಆಹಾರಕ್ಕೆಲ್ಲ ಅದೇ ಹೆಸರು.) 240 ಗ್ರಾಂ ಎಂದರೆ ಸುಮಾರು 860 ಕ್ಯಾಲೊರಿ. ಅಷ್ಟಕ್ಕೆ ಬ್ರೂನೋ 34 ಕೆಜಿ ಆಗಲು ಸಾಧ್ಯವಿಲ್ಲ. ಹಾಗಾಗಿ ಒಂದು ಭಾನುವಾರ ಫ್ರಿಜ್ ಮೇಲೆ ಹಾಳೆ ಅಂಟಿಸಿ, ಬ್ರೂನೋಗೆ ಯಾರು ಏನೇ ಕೊಟ್ಟರೂ ಬರೆಯಬೇಕು ಎಂದು ಹೇಳಿದೆ.

ಬೆಳಿಗ್ಗೆ ಕಾಫಿ ಹೊತ್ತಿಗೆ ತಾತ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಕೊಟ್ಟರು. ತಾತನಿಗೆ ಅದು ಲೆಕ್ಕವೇ ಅಲ್ಲ, ‘ಜೊತೆಗೆ ಕೂತಿತ್ತು’ ಅಷ್ಟೆ. 90 ಕ್ಯಾಲೊರಿ. ತಿಂಡಿ ಹೊತ್ತಿಗೆ ಅತ್ತೆ ತುಪ್ಪ ಸವರಿದ ಒಂದು ಚಪಾತಿ ಹಾಕಿದರು, 155. ಮಧ್ಯಾಹ್ನ ಅಜ್ಜಿ ತಮ್ಮ ಊಟ ಮುಗಿಸಿ ಮೊಸರನ್ನ ಕಲಸಿ ಇಟ್ಟರು, ಹೆಚ್ಚುಕಡಿಮೆ 200 ಗ್ರಾಂ, 230. ಸಂಜೆ ಮಾವ ಟೀ ಜೊತೆ ಎರಡು ರಸ್ಕ್, 80. ಮಾವನ ಮಗ ಟ್ಯೂಷನ್‌ನಿಂದ ಬಂದು ಅಂಗಡಿಯಲ್ಲಿ ಸಿಗುವ ಅಗಿಯುವ ಕಡ್ಡಿ ಒಂದು ಕೊಟ್ಟ, 80. ಮಲಗುವ ಮುಂಚೆ ಅಜ್ಜಿ ಮತ್ತೆ ಒಂದು ಲೋಟ ಹಾಲು, 120.

ಕೂಡಿದರೆ 755. ಅಂದರೆ ಬ್ರೂನೋನ ದಿನದ ಊಟದ ಹತ್ತಿರಹತ್ತಿರ ಅರ್ಧ ಬಟ್ಟಲಿನ ಹೊರಗೇ ನಡೆಯುತ್ತಿತ್ತು. 28 ಕೆಜಿ ತೂಗಬೇಕಾದ, ಹೆಚ್ಚು ಓಡಾಡದ, ಆಪರೇಷನ್ ಆದ ನಾಯಿಗೆ ದಿನಕ್ಕೆ ಸುಮಾರು 1,200 ಕ್ಯಾಲೊರಿ ಸಾಕು. ಅವನಿಗೆ ಸಿಗುತ್ತಿದ್ದದ್ದು 1,600ರ ಮೇಲೆ.

ಆ ಹಾಳೆಯಲ್ಲಿ ಯಾರೂ ಅತಿಯಾಗಿ ತಿನ್ನಿಸಿದವರಿಲ್ಲ. ಪ್ರತಿಯೊಬ್ಬರೂ ಕೊಟ್ಟದ್ದು ‘ಒಂಚೂರು’. ಆರು ಒಂಚೂರು ಸೇರಿ ಒಂದು ಊಟವಾಗಿತ್ತು, ಮತ್ತು ಪ್ರತಿಯೊಬ್ಬರೂ ಉಳಿದವರು ಕೊಟ್ಟದ್ದನ್ನು ನೋಡಿರಲಿಲ್ಲ. ನಾಯಿಯ ಬೊಜ್ಜಿನ ಬಗ್ಗೆ ಓದುವಾಗ ನನಗೆ ಅನ್ನಿಸಿದ್ದು ಇದೇ. ಅವಿಭಕ್ತ ಕುಟುಂಬದಲ್ಲಿ, ಅಥವಾ ಕೆಲಸದವರು, ಪಕ್ಕದ ಮನೆಯವರು, ಸೆಕ್ಯುರಿಟಿಯವರು ಎಲ್ಲರೂ ನಾಯಿಯನ್ನು ಮುದ್ದು ಮಾಡುವ ಅಪಾರ್ಟ್‌ಮೆಂಟಿನಲ್ಲಿ, ‘ನೀವು ಎಷ್ಟು ಹಾಕುತ್ತೀರಿ’ ಎಂಬ ಪ್ರಶ್ನೆಗೆ ಒಬ್ಬರೇ ಉತ್ತರ ಕೊಡಲು ಆಗುವುದಿಲ್ಲ.

ಗಾತ್ರದ ಲೆಕ್ಕವನ್ನೂ ನಾವು ಮರೆಯುತ್ತೇವೆ. 8 ಕೆಜಿಯ ಪಗ್‌ಗೆ ದಿನಕ್ಕೆ ಸುಮಾರು 450 ಕ್ಯಾಲೊರಿ ಬೇಕು. ತುಪ್ಪ ಸವರಿದ ಒಂದು ಚಪಾತಿ ಅದರ ಮೂರನೇ ಒಂದು ಭಾಗ. ದಿನಕ್ಕೆ 2,000 ಕ್ಯಾಲೊರಿ ತಿನ್ನುವ ಮನುಷ್ಯನಿಗೆ ಹೋಲಿಸಿದರೆ, ಊಟವೆಲ್ಲ ಆದ ಮೇಲೆ ಇನ್ನೂ ನಾಲ್ಕು ತುಪ್ಪದ ಚಪಾತಿ ತಿಂದ ಹಾಗೆ.

‘ನೋಡು, ಹೆಂಗೆ ನೋಡ್ತಿದೆ, ಪಾಪ’

ನಾಯಿಗೆ ಹೊಟ್ಟೆ ತುಂಬಿದರೆ ತಾನೇ ನಿಲ್ಲಿಸುತ್ತದೆ, ನೋಡುತ್ತಾ ಕೂತಿದೆ ಎಂದರೆ ಹಸಿವೆಯೇ ಎನ್ನುವುದು ಬಹಳ ಮಂದಿಯ ನಂಬಿಕೆ. ಕೆಲವು ನಾಯಿಗಳಲ್ಲಿ ಇದು ನಿಜ. ಲ್ಯಾಬ್ರಡಾರ್‌ಗಳಲ್ಲಿ ಬಹಳಷ್ಟಕ್ಕೆ ಇದು ನಿಜವಲ್ಲ.

2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಲೀನರ್ ರಾಫನ್ ಮತ್ತು ತಂಡದವರು ಲ್ಯಾಬ್ರಡಾರ್‌ಗಳ ಪಿಓಎಂಸಿ ಎಂಬ ಜೀನ್‌ನಲ್ಲಿ ಒಂದು ತುಣುಕು ಬಿಟ್ಟುಹೋಗಿರುವುದನ್ನು ಪತ್ತೆ ಹಚ್ಚಿದರು. ‘ಸಾಕು, ಹೊಟ್ಟೆ ತುಂಬಿತು’ ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆಯಲ್ಲಿ ಈ ಜೀನ್‌ಗೆ ಪಾತ್ರವಿದೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಈ ಬದಲಾವಣೆಯ ಒಂದು ಪ್ರತಿಯಾದರೂ ಇತ್ತು. ಒಂದೊಂದು ಪ್ರತಿಗೆ ಸರಾಸರಿ 2 ಕೆಜಿಯಷ್ಟು ತೂಕ ಹೆಚ್ಚು. ಕುತೂಹಲದ ಸಂಗತಿ ಎಂದರೆ, ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಲ್ಯಾಬ್ರಡಾರ್‌ಗಳಲ್ಲಿ ಇದು ನಾಲ್ಕರಲ್ಲಿ ಮೂರಕ್ಕೆ ಇತ್ತು. ತಿಂಡಿಗಾಗಿ ಏನು ಬೇಕಾದರೂ ಕಲಿಯುವ ನಾಯಿಗೆ ಕಲಿಸುವುದು ಸುಲಭವಲ್ಲವೇ?

ಅದೇ ತಂಡ 2024ರಲ್ಲಿ ಇನ್ನೊಂದು ವಿಷಯ ಕಂಡುಕೊಂಡಿತು. ಈ ಬದಲಾವಣೆಯಿರುವ ನಾಯಿಗಳಿಗೆ ಎರಡು ಊಟದ ನಡುವೆ ಹಸಿವು ಬೇಗ ಆಗುತ್ತದೆ, ಜೊತೆಗೆ ವಿಶ್ರಾಂತಿಯಲ್ಲಿರುವಾಗ ಅವುಗಳ ದೇಹ ಸುಮಾರು ಶೇ. 25ರಷ್ಟು ಕಡಿಮೆ ಕ್ಯಾಲೊರಿ ಖರ್ಚು ಮಾಡುತ್ತದೆ. ತಿನ್ನಬೇಕು ಎನ್ನಿಸುವುದು ಜಾಸ್ತಿ, ಬೇಕಾಗಿರುವುದು ಕಡಿಮೆ. ಹಾಗಾಗಿ ಬ್ರೂನೋನ ಆ ನೋಟ ನಾಟಕ ಎಂದು ನಾನು ಹೇಳುವುದಿಲ್ಲ, ಅವನಿಗೆ ನಿಜವಾಗಿಯೂ ತಿನ್ನಬೇಕು ಎನ್ನಿಸುತ್ತಿರಬಹುದು. ಆದರೆ ಆ ನೋಟವನ್ನೇ ಅಳತೆಯಾಗಿ ಇಟ್ಟುಕೊಂಡು ಊಟ ಹಾಕಲು ಆಗುವುದಿಲ್ಲ. ಇದನ್ನು ಹೇಳಿದ ಮೇಲೆಯೇ ಅಜ್ಜಿ ಸ್ವಲ್ಪ ಮೆತ್ತಗಾದದ್ದು. ‘ಹಂಗಾದ್ರೆ ಅದ್ಕೆ ತಿಂದಷ್ಟೂ ಸಾಲ್ದು ಅನ್ನು’ ಎಂದರು. ಹೌದು ಅಜ್ಜಿ, ಅದೇ.

ಫಾರ್ವರ್ಡ್‌ಗಳಲ್ಲಿ ಬರುವ ಕೆಲವು ಮಾತುಗಳು

‘ಆಪರೇಷನ್ ಮಾಡಿಸಿದರೆ ನಾಯಿ ದಪ್ಪಗಾಗಿಯೇ ಆಗುತ್ತದೆ.’ ಅರ್ಧ ನಿಜ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾಗುವ ಶಕ್ತಿ ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಇಳಿಯುತ್ತದೆ, ತಿನ್ನುವ ಆಸೆ ಮಾತ್ರ ಏರಬಹುದು. ಹಳೆಯ ಅಳತೆಯಲ್ಲೇ ಹಾಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಗೊತ್ತಾಗುತ್ತದೆ. ಆಪರೇಷನ್ ಬೇಡ ಎನ್ನಲು ಇದು ಕಾರಣವಲ್ಲ. ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಕುತ್ತು ತರುವ ಕಾಯಿಲೆಯನ್ನು ಅದು ತಪ್ಪಿಸುತ್ತದೆ. ಹೊಲಿಗೆ ಬಿಚ್ಚಿಸಲು ಹೋದ ದಿನವೇ ‘ಇನ್ನು ಎಷ್ಟು ಹಾಕಬೇಕು?’ ಎಂದು ವೈದ್ಯರನ್ನು ಕೇಳಿ ಬನ್ನಿ.

‘ಅನ್ನ ಹಾಕುವುದರಿಂದಲೇ ನಾಯಿ ಊದುತ್ತದೆ, ನಾಯಿ ಮಾಂಸಾಹಾರಿ.’ ನಾಯಿ ತೋಳದ ವಂಶವೇ ಹೌದು, ಆದರೆ ಮನುಷ್ಯರ ಜೊತೆ ಬದುಕುತ್ತಾ ಅದರ ಹೊಟ್ಟೆ ಬದಲಾಗಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದಂತೆ, ಪಿಷ್ಟವನ್ನು ಅರಗಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಅನ್ನ, ರಾಗಿ ಮುದ್ದೆ ಅದಕ್ಕೆ ಅರಗುತ್ತದೆ. ಬರೀ ಅನ್ನದಲ್ಲೇ ಬೆಳೆಸಿದರೆ ಪ್ರೋಟೀನ್ ಸಾಲದು, ಅದು ಬೇರೆ ಸಮಸ್ಯೆ. ದಪ್ಪಗಾಗುವುದು ಅನ್ನದಿಂದ ಅಂತಲ್ಲ, ಒಟ್ಟು ಹೆಚ್ಚಾಗುವುದರಿಂದ. ದುಬಾರಿ ಆಹಾರ ಹೆಚ್ಚು ಹಾಕಿದರೂ ನಾಯಿ ಅಷ್ಟೇ ದಪ್ಪಗಾಗುತ್ತದೆ.

‘ದಿನಾ ವಾಕಿಂಗ್ ಮಾಡಿಸಿದರೆ ಸಾಕು.’ 30 ಕೆಜಿಯ ನಾಯಿ 3 ಕಿಲೋಮೀಟರ್ ನಡೆದರೆ ಖರ್ಚಾಗುವುದು ಸ್ಥೂಲವಾಗಿ 90 ಕ್ಯಾಲೊರಿ. ತಾತನ ನಾಲ್ಕು ಬಿಸ್ಕತ್ತಿಗೆ ಸರಿಹೋಯಿತು. ನಡಿಗೆ ಬೇಕು, ಕೀಲಿಗೆ, ಸ್ನಾಯುವಿಗೆ, ನಾಯಿಯ ಮನಸ್ಸಿಗೆ ಬೇಕು. ಆದರೆ ತೂಕ ಇಳಿಯುವುದು ಮುಖ್ಯವಾಗಿ ಬಟ್ಟಲಿನಲ್ಲಿ. ಈಗಾಗಲೇ ತುಂಬಾ ದಪ್ಪಗಿರುವ ನಾಯಿಯನ್ನು ಹುರುಪಿನಲ್ಲಿ ಮೊದಲ ದಿನವೇ ಓಡಿಸಲು ಹೋಗಬೇಡಿ, ಅದರಲ್ಲೂ ಬೇಸಿಗೆಯಲ್ಲಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ಕೊಬ್ಬು ಆ ಕೆಲಸಕ್ಕೆ ಅಡ್ಡ. 2003ರ ಹಚ್ ಜಾಹೀರಾತಿನಿಂದ ಮನೆಮಾತಾದ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಮೊದಲೇ ಉಸಿರಿನ ದಾರಿ ಕಿರಿದು, ಮೇಲೆ ಬೊಜ್ಜೂ ಸೇರಿದರೆ ಏಪ್ರಿಲ್ ಮಧ್ಯಾಹ್ನದ ಅರ್ಧ ಗಂಟೆಯೇ ಪ್ರಾಣಾಪಾಯ.

‘ದಪ್ಪ ನಾಯಿಗೆ ಶುಗರ್ ಬರುತ್ತದೆ.’ ಇದು ಮನುಷ್ಯರಿಂದ ಮತ್ತು ಬೆಕ್ಕಿನಿಂದ ನಾಯಿಗೆ ದಾಟಿ ಬಂದ ಮಾತು. ಬೊಜ್ಜಿನ ಬೆನ್ನಿಗೇ ಬರುವ ಎರಡನೇ ಬಗೆಯ ಮಧುಮೇಹ ಬೆಕ್ಕುಗಳಲ್ಲಿ ಸಾಮಾನ್ಯ. ನಾಯಿಗಳಿಗೆ ಬರುವ ಮಧುಮೇಹ ಹೆಚ್ಚಾಗಿ ಇನ್ಸುಲಿನ್ ಉತ್ಪತ್ತಿಯೇ ನಿಲ್ಲುವಂಥದ್ದು. ನಾಯಿಯ ಬೊಜ್ಜಿಗೆ ನೇರ ನಂಟಿರುವುದು ಕೀಲುನೋವು, ಉಸಿರಾಟದ ತೊಂದರೆ, ಬಿಸಿಲಿನ ಹೊಡೆತ, ಅರಿವಳಿಕೆ ಕೊಡುವಾಗಿನ ಅಪಾಯ ಇವುಗಳ ಜೊತೆ. ಹಬ್ಬದ ದಿನ ಎಣ್ಣೆ, ತುಪ್ಪದ ಪದಾರ್ಥ ಒಮ್ಮೆಲೇ ಹೆಚ್ಚು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದೂ ಇದೆ. ವಾಂತಿ, ಹೊಟ್ಟೆನೋವು ಶುರುವಾದರೆ ಅದೇ ದಿನ ತೋರಿಸಬೇಕು.

ಮನೆಮದ್ದಿನ ಸಂದೇಶಗಳು ಎಲ್ಲಕ್ಕಿಂತ ಅಪಾಯಕಾರಿ. ಕೊಬ್ಬು ಕರಗಲು ಬೆಳ್ಳುಳ್ಳಿ ಅರೆದು ಹಾಕಿ ಎನ್ನುವ ಸಲಹೆ ಬಂದರೆ ಅಲ್ಲೇ ಅಳಿಸಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಹಣ್ಣು ಒಳ್ಳೆಯದೆಂದು ದ್ರಾಕ್ಷಿ, ಒಣದ್ರಾಕ್ಷಿ ಕೊಟ್ಟರೆ ಮೂತ್ರಪಿಂಡ ಕೈಕೊಡಬಹುದು. ‘ಶುಗರ್‌ಫ್ರೀ’ ಎಂದು ಬರೆದಿರುವ ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಇದ್ದರೆ ಸ್ವಲ್ಪವೇ ಸಾಕು, ನಾಯಿಯ ರಕ್ತದ ಸಕ್ಕರೆ ಕುಸಿದುಬಿಡುತ್ತದೆ. ಮನುಷ್ಯರ ಥೈರಾಯ್ಡ್ ಮಾತ್ರೆ, ತೂಕ ಇಳಿಸುವ ಇಂಜೆಕ್ಷನ್ ಯಾವುದನ್ನೂ ನೀವಾಗಿ ಕೊಡಬೇಡಿ. ನಾಯಿಯ ಬೊಜ್ಜಿಗೆಂದೇ ಅಮೆರಿಕದಲ್ಲಿ 2007ರಲ್ಲಿ ಡಿರ್ಲೋಟಪೈಡ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತ್ತು. ಅದು ಹಸಿವನ್ನು ತಗ್ಗಿಸುತ್ತಿತ್ತು, ನಿಲ್ಲಿಸಿದೊಡನೆ ಹಸಿವು ಮರಳುತ್ತಿತ್ತು. ಮುಂದೆ ಅದು ಮಾರುಕಟ್ಟೆಯಿಂದಲೇ ಹೋಯಿತು.

ಹಾಗಾದರೆ ಏನು ಮಾಡುವುದು?

ಮೊದಲು ಪಶುವೈದ್ಯರ ಬಳಿ ಹೋಗಿ. ಥೈರಾಯ್ಡ್ ಕಡಿಮೆಯಾಗಿದ್ದರೆ, ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆ ಇದ್ದರೆ, ತುರಿಕೆಗೆಂದು ಸ್ಟೀರಾಯ್ಡ್ ಅಥವಾ ಫಿಟ್ಸ್‌ಗೆಂದು ಫಿನೋಬಾರ್ಬಿಟೋನ್ ಮಾತ್ರೆ ನಡೆಯುತ್ತಿದ್ದರೆ ಊಟದ ಲೆಕ್ಕವೊಂದರಿಂದಲೇ ಕೆಲಸವಾಗದು. ಹೊಟ್ಟೆ ಮಾತ್ರ ದೊಡ್ಡದಾಗಿ ಬೆನ್ನು ಸೊರಗುತ್ತಿದ್ದರೆ ಅದು ಬೊಜ್ಜಲ್ಲದೆ ನೀರು ತುಂಬಿರುವುದೂ ಆಗಿರಬಹುದು. ಇನ್ನು ಕೆಲವೇ ಗಂಟೆಗಳಲ್ಲಿ ಹೊಟ್ಟೆ ಉಬ್ಬಿ, ನಾಯಿ ವಾಂತಿ ಮಾಡಲು ಯತ್ನಿಸಿಯೂ ಏನೂ ಬಾರದಿದ್ದರೆ, ಅದು ಹೊಟ್ಟೆ ತಿರುಚಿಕೊಂಡಿರುವ ಲಕ್ಷಣ. ಬೆಳಗಾಗಲಿ ಎಂದು ಕಾಯಬಾರದು.

ವೈದ್ಯರು ಬ್ರೂನೋಗೆ ಹಾಕಿದ ಲೆಕ್ಕ ಹೀಗಿತ್ತು. ಈಗಿನ ತೂಕಕ್ಕಲ್ಲ, ಇರಬೇಕಾದ 28 ಕೆಜಿಗೆ, ಮಲಗಿದ್ದರೂ ದೇಹ ನಡೆಯಲು ಬೇಕಾದಷ್ಟು ಕ್ಯಾಲೊರಿ. ಸುಮಾರು 850. ಅದರಲ್ಲಿ ಹತ್ತರಲ್ಲಿ ಒಂದು ಭಾಗ ಮೇಲಿನ ತಿಂಡಿಗೆ, ಉಳಿದದ್ದು ಊಟಕ್ಕೆ. ಅಂದರೆ ಒಣ ಆಹಾರ 210 ಗ್ರಾಂ. ಮೊದಲು ಹಾಕುತ್ತಿದ್ದದ್ದು 240. ಬಟ್ಟಲಿನಿಂದ ತೆಗೆದದ್ದು 30 ಗ್ರಾಂ ಮಾತ್ರ! ಹೋಗಬೇಕಾದದ್ದೆಲ್ಲ ಬಟ್ಟಲಿನ ಹೊರಗಿನದು. ನಿಮ್ಮ ನಾಯಿಗೆ ಲೆಕ್ಕ ಬೇರೆ ಆಗುತ್ತದೆ, ಇದನ್ನೇ ನಕಲು ಮಾಡಬೇಡಿ. ಪ್ಯಾಕೆಟ್ ಹಿಂದಿನ ಪಟ್ಟಿಯೂ ಆರಂಭಕ್ಕೆ ಒಂದು ಅಂದಾಜು ಅಷ್ಟೆ. ಅಳೆಯಲು ಕಪ್ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸಿ. ಒಂದೇ ಕಪ್ಪನ್ನು ಇಬ್ಬರು ತುಂಬಿದರೆ ಎರಡು ತೂಕ ಬರುತ್ತದೆ, ಬೇಕಾದರೆ ಮನೆಯಲ್ಲಿ ಪರೀಕ್ಷಿಸಿ.

ವಾರಕ್ಕೆ ದೇಹತೂಕದ ಶೇ. 1ರಿಂದ 2ರಷ್ಟು ಇಳಿದರೆ ಸಾಕು. ಉಪವಾಸ ಕೆಡವಬೇಡಿ. ಬೆಕ್ಕು ಸಾಕಿದವರಿಗೆ ಇಲ್ಲೊಂದು ಎಚ್ಚರಿಕೆ: ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯಬಹುದು. ನಾಯಿಗೆ ಹೇಳಿದ್ದನ್ನು ಬೆಕ್ಕಿಗೆ ಮಾಡಲು ಹೋಗಬೇಡಿ. ನಾಯಿಯಲ್ಲೂ ಈಗಿನ ಆಹಾರವನ್ನು ತೀರಾ ಕಡಿಮೆ ಮಾಡಬೇಕಾಗಿ ಬಂದರೆ ಪ್ರೋಟೀನ್, ವಿಟಮಿನ್‌ಗಳೂ ಕಡಿಮೆಯಾಗುತ್ತವೆ. ಆಗ ತೂಕ ಇಳಿಸಲೆಂದೇ ಇರುವ, ನಾರು ಮತ್ತು ಪ್ರೋಟೀನ್ ಹೆಚ್ಚಿರುವ ಆಹಾರವನ್ನು ವೈದ್ಯರು ಸೂಚಿಸುತ್ತಾರೆ.

ಫಲ ಕಾಣಲು ಪೂರ್ತಿ ತೂಕ ಇಳಿಯುವವರೆಗೆ ಕಾಯಬೇಕಿಲ್ಲ. ಕೀಲುನೋವಿರುವ ದಪ್ಪ ನಾಯಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಶೇ. 6ರಷ್ಟು ತೂಕ ಇಳಿದಾಗಲೇ ಕುಂಟುವುದು ಕಡಿಮೆಯಾಗಿತ್ತು. ಬ್ರೂನೋ ಲೆಕ್ಕದಲ್ಲಿ ಅದು ಬರೀ 2 ಕೆಜಿ.

ಮರಿ ತಂದವರಿಗೆ ಇನ್ನೊಂದು ಮಾತು. ದೊಡ್ಡ ತಳಿಯ ಮರಿಯನ್ನು ಬೇಗ ಬೆಳೆಯಲೆಂದು ತಿನ್ನಿಸಿ ದುಂಡಗೆ ಮಾಡಿದರೆ ಸೊಂಟದ ಕೀಲಿನ ದೋಷ ಹೆಚ್ಚುತ್ತದೆ. ಬೆಳೆಯುವ ಮರಿಗೆಂದೇ ಇರುವ ಆಹಾರ ಕೊಡುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಬೇಡ, ಮೂಳೆ ಸೊಟ್ಟಗಾಗುವುದು ಕೊರತೆಯಿಂದ ಮಾತ್ರವಲ್ಲ, ಅತಿಯಿಂದಲೂ. ಆದರೆ ಮರಿಯ ಊಟವನ್ನು ನೀವಾಗಿ ಕಡಿತ ಮಾಡಲೂ ಬೇಡಿ.

ಡಬ್ಬಿ

ಲೆಕ್ಕ ಬಂತು, ತಕ್ಕಡಿ ಬಂತು. ಉಳಿದದ್ದು ಮನೆಯವರು. ‘ಯಾರೂ ಏನೂ ಕೊಡಬೇಡಿ’ ಎಂದು ಹೇಳಿ ನೋಡಿದೆವು, ಮೂರು ದಿನ ನಡೆಯಿತು. ನಾಲ್ಕನೇ ದಿನ ತಾತನ ಅಂಗಿ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು. ತಾತನನ್ನು ಬೈದು ಪ್ರಯೋಜನವಿಲ್ಲ. ಬೆಳಗಿನ ಕಾಫಿಗೆ ಅವರಿಗಿರುವ ಜೊತೆ ಅದೊಂದೇ ನಾಯಿ. ಕೊಡುವುದನ್ನು ನಿಲ್ಲಿಸಿ ಎಂದರೆ ಇಬ್ಬರ ನಡುವೆ ಇರುವುದನ್ನೇ ನಿಲ್ಲಿಸಿ ಎಂದ ಹಾಗೆ.

ಆಮೇಲೆ ವೈದ್ಯರು ಹೇಳಿದ ಉಪಾಯ ಕೆಲಸ ಮಾಡಿತು. ಬೆಳಿಗ್ಗೆ ಅತ್ತೆ ಅವತ್ತಿನ 210 ಗ್ರಾಂ ಆಹಾರವನ್ನು ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಪಕ್ಕದಲ್ಲಿ ಒಂದು ಬಟ್ಟಲು ಹೆಚ್ಚಿದ ಸೌತೆಕಾಯಿ, ಬೇಯಿಸಿದ ಬೀನ್ಸ್, ಕ್ಯಾರೆಟ್, ಉಪ್ಪು, ಒಗ್ಗರಣೆ ಇಲ್ಲದ್ದು. ಬ್ರೂನೋಗೆ ಯಾರು ಏನು ಕೊಡುವುದಿದ್ದರೂ ಇವೆರಡರಿಂದಲೇ ಕೊಡಬೇಕು, ಬೇರೆಲ್ಲಿಂದಲೂ ಅಲ್ಲ. ಡಬ್ಬಿ ಖಾಲಿಯಾದರೆ ಅವತ್ತಿನದು ಮುಗಿಯಿತು. ತಾತ ಈಗ ಕಾಫಿ ಹೊತ್ತಿಗೆ ಹತ್ತು ಕಾಳು ಪೆಡಿಗ್ರಿ ಕೊಡುತ್ತಾರೆ, ಒಂದೊಂದಾಗಿ. ಬ್ರೂನೋ ಎಣಿಸುವುದು ತಿನ್ನುವ ಸಲವನ್ನು, ಎಷ್ಟು ಎಂಬುದನ್ನಲ್ಲ ಎಂದು ನನಗೆ ಅನುಮಾನ. ಮಾವನ ಮಗ ರಾತ್ರಿಯ ಪಾಲನ್ನು ಹಳೆಯ ಟವೆಲ್‌ನ ಮಡಿಕೆಗಳಲ್ಲಿ ಬಚ್ಚಿಡುತ್ತಾನೆ. ಎರಡು ನಿಮಿಷದಲ್ಲಿ ನುಂಗುತ್ತಿದ್ದದ್ದಕ್ಕೆ ಈಗ ಹದಿನೈದು ನಿಮಿಷ ಹಿಡಿಯುತ್ತದೆ.

ತೂಕ ನೋಡುವುದು ಎರಡು ವಾರಕ್ಕೊಮ್ಮೆ, ವೈದ್ಯರ ಬಳಿಯ ತಕ್ಕಡಿಯಲ್ಲಿ. ಚಿಕ್ಕ ನಾಯಿಯಾದರೆ ಮನೆಯಲ್ಲೇ ಆಗುತ್ತದೆ, ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಗುರಿ ಮುಟ್ಟಿದ ಮೇಲೆ ಹಳೆಯ ಅಳತೆಗೆ ಮರಳಿದರೆ ತೂಕವೂ ಮರಳುತ್ತದೆ, ಹಾಗಾಗಿ ಡಬ್ಬಿ ಇರುತ್ತದೆ, ಒಳಗಿನ ಗ್ರಾಂ ಮಾತ್ರ ಸ್ವಲ್ಪ ಏರುತ್ತದೆ.

ಆರು ತಿಂಗಳಾಯಿತು. ಬ್ರೂನೋ ಈಗ 30 ಕೆಜಿ. ಪುಸ್ತಕದ ಲೆಕ್ಕಕ್ಕಿಂತ ನಿಧಾನ. ಗೌರಿ ಗಣೇಶ ಹಬ್ಬದಲ್ಲಿ ಕಡುಬು ಎಲ್ಲಿಂದ ಹೋಯಿತು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ, ಆ ತಿಂಗಳು 400 ಗ್ರಾಂ ಏರಿತ್ತು. ಮೆಟ್ಟಿಲು ಈಗ ಹತ್ತುತ್ತಾನೆ, ಕೊನೆಯ ಮೆಟ್ಟಿಲ ಮುಂಚೆ ಒಂದು ಸಲ ನಿಂತು. ಸಂಜೆ ಫೋನ್ ಮಾಡಿದರೆ ಹಿಂದೆ ಡಬ್ಬಿ ಅಲ್ಲಾಡಿಸುವ ಸದ್ದು ಕೇಳುತ್ತದೆ, ಅಜ್ಜಿ ಅತ್ತೆಯನ್ನು ಕೇಳುತ್ತಿರುತ್ತಾರೆ: ‘ಇದ್ರಲ್ಲಿ ಇನ್ನೂ ಒಂದ್ ಹಿಡಿ ಐತೆ ಕಣೆ, ನಾನ್ ಹಾಕ್ಲಾ?’